ಹೊಯಿಗೆ ಎಲ್ಲಿಂದ ಬಂತು

ಬೆಂಗ್ರೆಯ ಈ ಜಾಗ ಎಷ್ಟು ಅಗಲ ಅಂತ ಕೇಳಿದರೆ
ಈಚೆ ಹೊಳೆಗೆ ಉಗುಳಿ, ತಿರುಗಿ, ಆಚೆ ಕಡಲಿಗೆ ಉಗುಳಬಹುದು,
ಅಷ್ಟೇ.
ಅದರಲ್ಲಿ ನಾಲ್ಕು ಕುದುರೆ, ಮೂರು ಯಜಮಾನರು,
ಒಂದು ಬಯಲು.
ಮತ್ತೆ ನಾನು, ಇದಿನಬ್ಬ,
ಬಂದರಿನಲ್ಲಿ ಇಪ್ಪತ್ತೆರಡು ವರ್ಷ ಎತ್ತಿನ ಗಾಡಿ ಹೊಡೆದವ.
ಎತ್ತಿಗೂ ಕುದುರೆಗೂ ವ್ಯತ್ಯಾಸ ಉಂಟು ಮಾರಾಯ್ರೆ:
ಎತ್ತು ಬೇಜಾರಾದರೆ ಮಲಗುತ್ತದೆ.

ಆಳ್ವರ ಮೇಜರ್ ಮಲಗುವುದಿಲ್ಲ.
ಮೈಸೂರಿನ ರೇಸಿನಲ್ಲಿ ಓಡಿ ರಿಟೈರ್ ಆದದ್ದು,
ಕಾಲಿಗೆ ನಾಲ್ಕು ಬ್ಯಾಂಡೇಜು, ತಲೆಯ ಮೇಲೆ ಫ್ಯಾನು.
ಹೊರಗೆ ಬಿಡಬಾರದು ಅಂತ ಆರ್ಡರು.
ಪುತ್ರನ್‌ರ ತಟ್ಟುಗಳು ಒದೆಯುತ್ತವಂತೆ,
ಒಂದು ಒದೆಗೆ ಒಂದೂವರೆ ಲಕ್ಷ, ಯಾರು ಕೊಡುವುದು?
ಹಾಗೆ ಅದು ಬಾಗಿಲಲ್ಲಿ ನಿಂತು
ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ ತಲೆ ತೂಗುತ್ತದೆ,
ದಕ್ಕೆಯಲ್ಲಿ ಕಟ್ಟಿಹಾಕಿದ ದೋಣಿಯ ಹಾಗೆ.
ನೋಡಲಿಕ್ಕೆ ಬಂದವರು, ಡ್ಯಾನ್ಸ್ ಮಾಡ್ತದೆ, ಅಂತ ವಿಡಿಯೋ ತೆಗೆದರು.

ಲೋಕನಾಥ ಪುತ್ರನ್ ಹೇಳುವುದು ಬೇರೆ.
ಅವರ ಎರಡು ತಟ್ಟು ಸಂಜೆಯಿಡೀ ತಣ್ಣೀರುಬಾವಿಯಲ್ಲಿ
ಮಕ್ಕಳನ್ನು ಹೊತ್ತು ಬಂದವು, ಬಯಲು ಅವಕ್ಕೇ ಸೇರಬೇಕು,
ದುಡಿದದ್ದು ಮೇಯಲಿ, ನಿಂತದ್ದು ನೋಡಲಿ.
ಜಾಗ ನನ್ನ ಅಜ್ಜಿಯದ್ದು, ಅಂತ ಕೊನೆಗೊಮ್ಮೆ ಸೇರಿಸುತ್ತಾರೆ.
ಬೇಲಿಗೆ ಬಲೆ ಸಾಕಂತೆ. ಬೋಟಿನ ಹಳೇ ಬಲೆ, ಧರ್ಮಕ್ಕೆ.

ಸೆವ್ರಿನ್ ಬಾಯಿ ಕೊಡೆ ಊರಿ ಎದ್ದು ನಿಂತರು:
ಬಲೆಯಲ್ಲಿ ನನ್ನ ರೋಜಾರಿಯ ಕಾಲು ಸಿಕ್ಕಿದರೆ
ಅದೇನು ಬಂಗುಡೆಯಾ, ಬಿಡಿಸಿ ಬುಟ್ಟಿಗೆ ಹಾಕಲಿಕ್ಕೆ?
ಅವರಿಗೆ ಬಿಳಿ ಪೇಂಟಿನ ಮರದ ಅಡ್ಡಪಟ್ಟಿ ಬೇಕು,
ಕ್ಯಾಲೆಂಡರಿನಲ್ಲಿ ಇದ್ದ ಹಾಗೆ.
ಆಳ್ವರಿಗೆ ಕರೆಂಟಿನ ತಂತಿ.
ಈ ಉಪ್ಪುಗಾಳಿಗೆ ತಂತಿ ಆರು ತಿಂಗಳು, ಮರ ಎರಡು ಮಳೆಗಾಲ.
ನನ್ನನ್ನು ಯಾರೂ ಕೇಳಲಿಲ್ಲ.

ಮೂರು ಮೀಟಿಂಗು ಆಯಿತು. ಗೋಳಿಬಜೆ ಮುಗಿದದ್ದು ಬಿಟ್ಟರೆ
ಬೇರೆ ಯಾವುದೂ ಮುಗಿಯಲಿಲ್ಲ.
ಅಲ್ಲಿಯವರೆಗೆ ಇರಲಿ ಅಂತ ನಾನೇ
ಗಾಳಿಮರದ ಗೂಟ ಹುಗಿದು ಮೂರು ಸಾಲು ಹಗ್ಗ ಎಳೆದೆ.
ಸ್ಲೇಟಿನಲ್ಲಿ ಗಂಟೆ ಬರೆದು ತೂಗುಹಾಕಿದರು:
ಆರರಿಂದ ಎಂಟು ರೋಜಾರಿ, ಎಂಟರ ಮೇಲೆ ತಟ್ಟುಗಳು,
ಮೇಜರ್‌ನ ಎದುರು ಒಂದು ಗೀಟು.
ನನಗೆ ಓದಲಿಕ್ಕೆ ಬಾರದು. ಮೂಟೆ ಎಣಿಸಿ ಅಂಕೆ ಬರುತ್ತದೆ.
ಗೀಟು ಅಂಕೆ ಅಲ್ಲ.

ಒಂದು ರಾತ್ರಿ, ಕೊನೆಯ ಫೆರಿ ಹೋದ ಮೇಲೆ,
ತಟ್ಟುಗಳನ್ನು ಒಳಗೆ ಕಟ್ಟಿ
ಮೇಜರ್‌ನ ಬ್ಯಾಂಡೇಜು ಬಿಚ್ಚಿದೆ.
ಓಡುತ್ತದೆ ಅಂದುಕೊಂಡಿದ್ದೆ, ರೇಸಿನದ್ದಲ್ವಾ.
ಓಡಲಿಲ್ಲ.
ಮೂಗು ಊರಿ ನೆಲವನ್ನು ಬಹಳ ಹೊತ್ತು ಮೂಸಿತು,
ಸಾಲ ಕೇಳಲು ಬಂದವ ಚಾವಡಿಯಲ್ಲಿ ನಿಲ್ಲುವ ಹಾಗೆ ನಿಂತಿತು,
ಆಮೇಲೆ ಮುಂಗಾಲು ಮಡಿಸಿ, ದೊಪ್ಪ ಬಿದ್ದು,
ಹೊಯಿಗೆಯಲ್ಲಿ ಹೊರಳಿತು.
ಬೆನ್ನು ಅಡಿಗೆ, ನಾಲ್ಕು ಕಾಲು ಮೇಲಕ್ಕೆ.
ಒಂದೂವರೆ ಲಕ್ಷದ ಕಾಲು ಆಕಾಶವನ್ನು ಒದೆಯಿತು,
ಯಾರಿಗೂ ಪೆಟ್ಟಾಗಲಿಲ್ಲ.
ಎದ್ದು, ಮೈ ಕೊಡವಿ, ಪುನಃ ಇನ್ನೊಂದು ಮಗ್ಗುಲು.

ಬೆಳಿಗ್ಗೆ ಆಳ್ವರು ಕುತ್ತಿಗೆಯ ರೋಮ ಉಜ್ಜಿ ನೋಡಿದರು.
ಇದಿನಬ್ಬ, ಈ ಹೊಯಿಗೆ ಎಲ್ಲಿಂದ ಬಂತು?
ಬೆಂಗ್ರೆಯಲ್ಲಿ ನಿಂತು ಕೇಳುವ ಪ್ರಶ್ನೆಯಾ ಅದು?
ರಾತ್ರಿ ಗಾಳಿ ಇತ್ತು ಧಣಿ, ಅಂದೆ.
ಸುಳ್ಳಲ್ಲ. ಗಾಳಿ ಇತ್ತು.

ಬರುವ ತಿಂಗಳು ಬೇಲಿ ಬರುತ್ತದಂತೆ, ಯಾವುದು ಅಂತ ತೀರ್ಮಾನ ಆಗಿಲ್ಲ,
ಬೀಗ ಮಾತ್ರ ಬಂದಾಗಿದೆ. ಮೂರು ಕೀ, ಮೂವರಿಗೂ ಒಂದೊಂದು.
ಅಷ್ಟು ದಿನ ನನ್ನ ಹಗ್ಗ.
ಹೊಳೆ ಬದಿಯ ಗಂಟು ಗಾಡಿಯವರ ಗಂಟು, ನೋಡಲಿಕ್ಕೆ ಬಿಗಿ,
ಎಡಗೈಯಲ್ಲಿ ಒಮ್ಮೆ ಎಳೆದರೆ ಸಾಕು.

ನಿನ್ನೆ ಸೆವ್ರಿನ್ ಬಾಯಿ ಆ ಗಂಟಿನ ಹತ್ತಿರ ಸುಮಾರು ಹೊತ್ತು ನಿಂತಿದ್ದರು.
ಹೋಗುವಾಗ, ನನ್ನನ್ನು ನೋಡದೆ, ಹೊಳೆ ನೋಡುತ್ತಾ ಕೇಳಿದರು:
ಈ ರಾತ್ರಿಯ ಗಾಳಿ
ಎಷ್ಟು ಗಂಟೆಗೆ ಬರುವುದು ಇದಿನಬ್ಬ?
ಹನ್ನೊಂದರ ಮೇಲೆ ಬಾಯಮ್ಮ, ಅಂದೆ.