ಒದ್ದೆ ಇರೋ ಕಡೆ ಅಲ್ಲ

ರಾತ್ರಿ ಕಾರಿನಡಿ ಹಳೇ ಪೇಪರು ಹಾಸುತ್ತೇನೆ,
ಎಳೆಗೂಸಿಗೆ ರಬ್ಬರ್ ಶೀಟು ಹಾಸುವ ಹಾಗೆ.
ಬೆಳಗ್ಗೆ ಬಗ್ಗಿ ನೋಡಿದರೆ
ಒಡವೆ ಜಾಹೀರಾತಿನ ಮದುಮಗಳ ಕೆನ್ನೆ ಮೇಲೆ
ರೂಪಾಯಗಲದ ಕಪ್ಪು.
ಸೋಮವಾರ ಒಂದು. ಗುರುವಾರ ಮೂರು.
ಎದುರುಮನೆ ಸರ್ವಮಂಗಳಮ್ಮ ರಂಗೋಲಿ ಬಟ್ಟಲು ಹಿಡಿದು
“ಚುಕ್ಕಿ ಇಡೋದು ಕಲಿಸಿದ್ದೀರಿ ಕಾರಿಗೆ,
ಎಳೆ ಎಳೆಯೋದೂ ಕಲಿಸಿಬಿಡಿ” ಅಂದರು.

ತೊಂಬತ್ತೆಂಟರ ಏಯ್ಟ್ ಹಂಡ್ರೆಡ್ಡು.
ಪಕ್ಕದ ಸೀಟಿಗೂ ಒಂದು ಬ್ರೇಕು, ಒಂದು ಕ್ಲಚ್ಚು,
ನೆತ್ತಿ ಮೇಲೆ ಕೆಂಪು ಎಲ್ ಬೋರ್ಡು.
ಹಾಸನದ ಅರ್ಧ ಊರು ಇದರ ಗೇರು ಕಿರುಗುಟ್ಟಿಸಿದೆ,
ಆಲೂಗಡ್ಡೆ ಮಂಡಿಯ ರೈಟರು, ನರ್ಸಿಂಗ್ ಹುಡುಗಿಯರು,
ಅರವತ್ತಕ್ಕೆ ಸ್ಟಿಯರಿಂಗ್ ಹಿಡಿದ ಡ್ರಾಯಿಂಗ್ ಮೇಷ್ಟ್ರು.
ಅದು ಯಾರನ್ನೂ ಬಯ್ದದ್ದಿಲ್ಲ.
ಬಯ್ಯುವುದು ನನ್ನ ಕೆಲಸ.

ದುದ್ದದ ಅಂಗನವಾಡಿಯ ದಾಕ್ಷಾಯಿಣಿ,
ಸೆಕೆಂಡ್ ಹ್ಯಾಂಡ್ ಓಮ್ನಿಗೆ ದುಡ್ಡು ಕೂಡಿಡುತ್ತಿದ್ದವಳು,
ಡೈರಿ ಸರ್ಕಲ್ಲಿನಾಚೆ ಹಂಪ್ಸು ಕಾಣದೆ
ಮೂರನೇ ಗೇರಲ್ಲೇ ಹಾರಿಸಿದಳು.
ಅಡಿಯಿಂದ ಕರ್ರ್ ಎಂದಿತು.
ಮಾರನೇ ಬೆಳಗ್ಗೆ ಪೇಪರಿನ ಮೇಲೆ ಮೊದಲ ಚುಕ್ಕಿ.
ಇನ್ನೇನು ಸಾಕ್ಷಿ ಬೇಕು?
ಚೇಂಬರ್ ಪ್ಯಾಕಿಂಗಿಗೆ ಅಂತ ಎಂಟುನೂರು ಇಸಕೊಂಡೆ.
ನೂರರ ಎಂಟು ನೋಟು ಎಣಿಸಿ, ಮತ್ತೊಮ್ಮೆ ಎಣಿಸಿ
ಡ್ಯಾಶ್‌ಬೋರ್ಡಿನ ಮೇಲಿಟ್ಟಳು.
ಆಮೇಲೆ ಬರಲಿಲ್ಲ.
ಒಂಬತ್ತು ಕ್ಲಾಸು ಹಾಗೇ ಉಳಿಯಿತು, ಅವಳ ಲೆಕ್ಕದಲ್ಲಿ.

ಹೊಸ ಪ್ಯಾಕಿಂಗ್ ಬಂತು. ಸೋರುವುದು ನಿಲ್ಲಲಿಲ್ಲ.
ಬಿ.ಎಂ. ರಸ್ತೆಯವನು ಗೇರ್‌ಬಾಕ್ಸ್ ಇಳಿಸಿ ಸೀಲು ಬದಲಿಸಿದ,
ನಾಲ್ಕು ಸಾವಿರ. ನಿಲ್ಲಲಿಲ್ಲ.
“ವಯಸ್ಸಾಯ್ತಲ್ಲ ಮೇಡಂ” ಅಂದ,
ಯಾರಿಗೆ ಅಂತ ಹೇಳದೆ.

ಜಬೀವುಲ್ಲಾ ಮಾತ್ರ ಸ್ಪ್ಯಾನರು ಮುಟ್ಟಲಿಲ್ಲ.
ಹೊಸಲೈನ್ ರಸ್ತೆಯ ಶೆಡ್ಡಿನಲ್ಲಿ ಆಲೂಗಡ್ಡೆ ಗೋಣಿ ಹಾಸಿ
ಅಂಗಾತ ಮಲಗಿ ಬಹಳ ಹೊತ್ತು ಸುಮ್ಮನೆ ನೋಡಿದ,
ಸೂರಿನ ಜೇಡ ನೋಡುವವನ ಹಾಗೆ.
ಆಮೇಲೆ ಸೀಮೆಎಣ್ಣೆ, ಬ್ರಷ್ಷು.
ಇಪ್ಪತ್ತೈದು ವರ್ಷದ ಜಿಡ್ಡು ಹಲಸಿನ ಮೇಣದಂತೆ ಎದ್ದು ಬಂತು,
ಅದರಡಿ ಬೂದು ಲೋಹ, ನಾನೆಂದೂ ಓದದ ಅಂಕಿಗಳು.
ಒಣಗಿದ ಮೇಲೆ ಮಗಳ ಪೌಡರ್ ಡಬ್ಬ ತರಿಸಿ
ಇಂಜಿನ್ನಿಗೆಲ್ಲ ಉದುರಿಸಿದ.
“ಇಷ್ಟೇ. ಒಂದು ರೌಂಡ್ ಹೋಗಿ ಬನ್ನಿ.”

ಗೊರೂರು ರಸ್ತೆ, ಹತ್ತು ಕಿಲೋಮೀಟರ್.
ಪಕ್ಕದ ಸೀಟಿನಲ್ಲಿ ಯಾರೂ ಇಲ್ಲ.
ಕಾರಿನ ತುಂಬ ತೊಟ್ಟಿಲ ವಾಸನೆ.

ವಾಪಸ್ಸು ಬಂದು ಬಾನೆಟ್ ಎತ್ತಿದರೆ
ಅತ್ತ ಮುಖದ ಮೇಲೆ ಕಾಡಿಗೆ ಇಳಿದಂತೆ
ಒಂದೇ ಒಂದು ಗೆರೆ.
ಜಬೀವುಲ್ಲಾ ಟಾರ್ಚಿನ ಬೆಳಕನ್ನು ಆ ಗೆರೆಯ ಮೇಲೆ
ಹಿಂದಕ್ಕೆ ನಡೆಸಿದ,
ಗೇರ್‌ಬಾಕ್ಸಿನ ಹೆಗಲು ದಾಟಿ, ಬೋಲ್ಟೊಂದನ್ನು ಬಳಸಿ,
ಮೇಲೆ, ಇನ್ನೂ ಮೇಲೆ,
ಡಿಸ್ಟ್ರಿಬ್ಯೂಟರಿನ ಬುಡಕ್ಕೆ.

“ಆಯಿಲ್‌ಗೆ ಇಳಿಯೋದಷ್ಟೇ ಗೊತ್ತು ಮೇಡಂ,
ಗಾಳಿಗೆ ಹಿಂದಕ್ಕೆ ತಳ್ಳೋದು ಗೊತ್ತು.
ಒದ್ದೆ ಇರೋ ಕಡೆ ತೂತು ಇರೋದು ಕಮ್ಮಿ.”
ಎಳೆದು ತೆಗೆದ. ರಬ್ಬರಿನ ಉಂಗುರ,
ಬೊಂಬೆಗೆ ತೊಡಿಸುವ ಬಳೆಯಷ್ಟು.
ಬಗ್ಗಿಸಲು ಹೋದರೆ ಟಕ್ ಎಂದು ಎರಡಾಯಿತು.
ವರ್ಷಗಟ್ಟಲೆ ಬೆಂದು ಬೆಂದು ಕಲ್ಲಾದದ್ದು,
ಹಂಪ್ಸಿಗಿಂತ ಎಷ್ಟೋ ಮೊದಲೇ.
ಚೇಂಬರಿನ ಮೇಲಿದ್ದ ಗೀರು
ಬರೀ ಗೀರು.
ಹೊಸ ಉಂಗುರಕ್ಕೆ ಇಪ್ಪತ್ತೈದು ರೂಪಾಯಿ.

ಶೆಡ್ಡಿನ ಹೊರಗೆ ನಿಂತು ಫೋನು ಹಚ್ಚಿದೆ.
ಎಷ್ಟು ಜನಕ್ಕೆ ಹೇಳಿಲ್ಲ ನಾನು,
ರಿವರ್ಸಿನಲ್ಲಿ ಕನ್ನಡಿಯೊಂದನ್ನೇ ನಂಬಬೇಡಿ,
ಕತ್ತು ತಿರುಗಿಸಿ ನೋಡಿ ಅಂತ.
“ಯಾರು ಮಾತಾಡೋದು?”
ನನ್ನ ನಂಬರು ಅಳಿಸಿದ್ದಾಳೆ.
“ನಾನಮ್ಮ, ಕಾರಿನ ಮೇಡಂ.”
ಅತ್ತಲಿಂದ ಮಕ್ಕಳ ಗಲಾಟೆ, ಕುಕ್ಕರಿನ ಎರಡು ಕೂಗು,
ಆಮೇಲೆ ಅವಳು, ದನಿ ಇಳಿಸಿ,
“ಇನ್ನೂ ಎಷ್ಟು ಕೊಡಬೇಕಿತ್ತು ಮೇಡಂ?”