ಆಗಸ್ಟ್ ಕಳೆಯಲಿ

ಹಂಪನಕಟ್ಟೆಯ ಎರಡನೇ ಮಾಳಿಗೆಯಲ್ಲಿ ನಿಝಾಮ್ ಹೇಳುತ್ತಾನೆ:
"ಈಗ ಬೇಡ ಅಕ್ಕ, ಆಗಸ್ಟ್ ಕಳೆಯಲಿ.
ಹೊಸ ಕಾರ್ಡ್ ಬರ್ತಾ ಉಂಟು, ಹಳೇದಕ್ಕೆ ಬೆಲೆ ಬೀಳ್ತದೆ."
ಹೋದ ವರ್ಷವೂ ಇದನ್ನೇ ಹೇಳಿದ್ದ.
ಆಗ ಅವನಿಗೆ ಗಡ್ಡ ಇರಲಿಲ್ಲ.

ನಾನು ಧಕ್ಕೆಯ ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುವವಳು.
ಯಾವ ಬೋಟಿಗೆ ಎಷ್ಟು ಬ್ಲಾಕು, ಯಾರದು ಎಷ್ಟು ಬಾಕಿ.
ಇಡೀ ಬಂದರಿಗೆ ತಂಪು ಮಾರಿ ಬೋಳಾರದ ಮನೆಗೆ ಬಂದರೆ
ನನ್ನ ಕಂಪ್ಯೂಟರ್ ತೊಂಬತ್ತೆರಡು ಡಿಗ್ರಿ ಕಾಯುತ್ತದೆ,
ಅದರ ಫ್ಯಾನು ಬೋಟಿನ ಇಂಜಿನಿನ ಹಾಗೆ ಬೊಬ್ಬೆ ಹೊಡೆಯುತ್ತದೆ.
ಪಕ್ಕದ ಮನೆಯ ಐರಿನ್ ಬಾಯಿ ಕಿಟಕಿಯಿಂದ ಕೇಳಿದ್ದರು:
"ಇಷ್ಟು ಹೊತ್ತಿಗೆ ಗ್ರೈಂಡರ್ ಯಾಕೆ ವಾರಿಜಾ, ನಾಳೆ ಎಂತ ವಿಶೇಷ?"
ನಲವತ್ತೊಂದರ ಹೆಂಗಸು ರಾತ್ರಿ ಹನ್ನೊಂದಕ್ಕೆ
ಹಿಮದ ಘಾಟಿಯಲ್ಲಿ ಲಾರಿ ಓಡಿಸುತ್ತಿದ್ದೇನೆ ಎನ್ನುವುದು ಹೇಗೆ?
ಇಡ್ಲಿಗೆ, ಎಂದೆ.
ಬೆಳಿಗ್ಗೆ ಎದ್ದು ಇಡ್ಲಿ ಮಾಡಿ ಕೊಟ್ಟು ಬರಬೇಕಾಯಿತು.

ಒಂದು ಭಾನುವಾರ ಪಕ್ಕದ ತಗಡು ಬಿಚ್ಚಿದೆ.
ಉಪ್ಪುಗಾಳಿ ಸ್ಕ್ರೂಗಳ ತಲೆ ತಿಂದಿತ್ತು.
ಮೆಮೊರಿಯ ಪಕ್ಕದಲ್ಲಿ ಹಲ್ಲಿಮೊಟ್ಟೆಯ ಎರಡು ಚಿಪ್ಪು,
ಮರಿಗಳು ಬೆಚ್ಚಗೆ ಬೆಳೆದು ಎಂದೋ ಹೊರಟುಹೋಗಿದ್ದವು.
ಹನ್ನೊಂದು ವರ್ಷದ ಹಿಂದೆ ಚೀಟಿ ಎತ್ತಿ ತಂದದ್ದು ಇದು.
ಬಳೆ ಮಾಡಿಸು ಎಂದಿದ್ದರು ಎಲ್ಲರೂ.
ಬಳೆಯ ಬೆಲೆ ಈಗ ಎಷ್ಟು ಎಂದು ನಾನು ನೋಡಲು ಹೋಗಿಲ್ಲ.

ಜೂನ್ ಒಂದಕ್ಕೆ ಬೋಟುಗಳು ದಡಕ್ಕೆ ಬರುತ್ತವೆ.
ಐಸಿಗೆ ಗಿರಾಕಿ ಇಲ್ಲ, ನನಗೆ ಅರ್ಧ ಸಂಬಳ.
ಆಡಲು ಹೊತ್ತು ಬೇಕಾದಷ್ಟು, ಕೊಳ್ಳಲು ಕಾಸಿಲ್ಲ.
ಬೋಟು ಮತ್ತೆ ಇಳಿದ ಮೇಲೆ ಕಾಸು ಉಂಟು,
ರಾತ್ರಿ ಕಣ್ಣು ಬಿಡಲಿಕ್ಕಾಗುವುದಿಲ್ಲ.
ಲೆಡ್ಜರಿನ ಕೊನೆಯ ಹಾಳೆಯಲ್ಲಿ ತಿಂಗಳು ಬರೆದು, ಹೊಡೆದು, ಬರೆದು
ಈಗ ಅಲ್ಲಿ ಯಾವ ತಿಂಗಳೂ ಉಳಿದಿಲ್ಲ.

ಅಮ್ಮ ಈಗಲೂ ಮೂರೂವರೆಗೆ ಎದ್ದು
ಏಲಂ ಕೂಗುವಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುವವಳು.
"ಬೆಲೆ ಇಳೀಲಿ ಅಂತ ಸಂಜೆ ಆರಕ್ಕೆ ಬರ್ತಾರಲ್ಲ,
ಅವರಿಗೆ ಬೆಲೆ ಇಳಿದೇ ಇರ್ತದೆ. ಮೀನೂ ಇಳಿದಿರ್ತದೆ," ಎಂದಳು.
ಆಮೇಲೆ ಸ್ವಲ್ಪ ಯೋಚಿಸಿ:
"ಅದಕ್ಕೆ ಕಿವಿರು ಎಲ್ಲುಂಟು? ಎತ್ತಿ ನೋಡಿದೆಯಾ?"

ಕೈ ಹಿಡಿಯುವುದು ಬೆಲೆಯಲ್ಲ, ನಿಝಾಮನಿಗೆ ಇದನ್ನು ಹೇಳಿಲ್ಲ.
ಲಾರಿ ಹೊರಡುವ ಮೊದಲು ಪರದೆಯಲ್ಲಿ ಒಂದು ಗೆರೆ ತುಂಬಬೇಕು.
ಈ ಹಳೆಯದರಲ್ಲಿ ನಾಲ್ಕು ನಿಮಿಷ.
ಎಂಬತ್ತು ದಾಟಿದ ಮೇಲೆ ಬಸ್ಸು ತಪ್ಪಿದವರ ಹಾಗೆ
ಸುಮ್ಮನೆ ನಿಂತುಬಿಡುತ್ತದೆ.
ಆ ಹೊತ್ತಿನಲ್ಲಿ ಅಮ್ಮನ ಕಾಲು ನನ್ನ ಮಡಿಲಿಗೆ ಬರುತ್ತದೆ.
ಮೀನಿನ ನೀರಿನಲ್ಲಿ ನಿಂತು ನಿಂತು ಬಿಳಿಚಿದ ಬೆರಳ ಸಂದಿಗೆ
ಎಣ್ಣೆ ಹಚ್ಚುತ್ತೇನೆ. ಅವಳು ಹೇಳುತ್ತಾಳೆ
ಯಾರು ತೂಕದಲ್ಲಿ ಮೋಸ ಮಾಡಿದ,
ಯಾರ ಬೂತಾಯಿಗೆ ನಿನ್ನೆಯ ವಾಸನೆ,
ಯಾವ ಗಿರಾಕಿ ಸತ್ತ ಗಂಡನ ಪಾಲಿನ ಮೀನನ್ನೂ
ಮರೆತು ಕೊಂಡುಹೋದಳು.
ಗೆರೆ ತುಂಬಿದ್ದು ಅವಳಿಗೇ ಮೊದಲು ಕಾಣುವುದು:
"ಏಳು, ನಿನ್ನ ಲಾರಿ ಬಂತು."

ಹೊಸದರಲ್ಲಿ ಆರು ಸೆಕೆಂಡಂತೆ.
ಆರು ಸೆಕೆಂಡಿಗೆ ಬಾಟಲಿಯ ಮುಚ್ಚಳ ತೆರೆಯಬಹುದು.

ನಿನ್ನೆ ರಾತ್ರಿ ಘಾಟಿಯ ಮೂರನೇ ತಿರುವಿನಲ್ಲಿ
ಪರದೆ ಪೂರ್ತಿ ನೀಲಿಯಾಯಿತು.
ನಿದ್ದೆಗಣ್ಣಿನಲ್ಲಿ ಅಮ್ಮ ಕೇಳಿದಳು: "ಕಡಲು ಬಂತಾ?"
ಇಲ್ಲ, ನಿಂತಿತು, ಎಂದೆ.
"ಹಾಗಾದರೆ ಇನ್ನೆಂತ ನೋಡುವುದು," ಎಂದು ಮಗ್ಗುಲು ಬದಲಿಸಿದಳು.

ಬೆಳಿಗ್ಗೆ ನಿಝಾಮನಿಗೆ ಫೋನು ಮಾಡಿದೆ.
ಬೋಟು ಬಂದ್ ಆಗಲು ಇನ್ನು ಹನ್ನೆರಡೇ ದಿನ,
ಯಾವ ಲೆಕ್ಕದಲ್ಲೂ ಇದು ಕೊಳ್ಳುವ ಹೊತ್ತಲ್ಲ.
"ಆಗಸ್ಟ್..." ಎಂದು ಅವನು ಶುರು ಮಾಡಿದ.
ಕಿವಿರು ನೋಡಿದೆ ಮಾರಾಯ, ಬಿಳಿ ಆಗಿದೆ, ಎಂದೆ.
ಅವನಿಗೆ ಏನು ಅರ್ಥವಾಯಿತೋ.
"ಡಬ್ಬ ಯಾವುದು ಅಕ್ಕ, ಬಣ್ಣದ ಲೈಟು ಇರುವುದಾ, ಇಲ್ಲದ್ದಾ?"

ಅದನ್ನು ಇನ್ನೂ ಯೋಚಿಸಬೇಕು.
ಎಣ್ಣೆಗೂ ಬೇರೆ ಹೊತ್ತು ಹುಡುಕಬೇಕು.