ಹನ್ನೊಂದು ಸೆಕೆಂಡು

ಹಾಸನದ ಕ್ರೀಡಾಂಗಣದಲ್ಲಿ ನನಗೆ ಬಿಟ್ಟುಕೊಟ್ಟ ಕೋಣೆ
ಹರ್ಡಲ್ಸ್ ಪೇರಿಸಿಡುವ ಗೋದಾಮು.
ಸುಣ್ಣದ ಪುಡಿಯ ಎರಡು ಮೂಟೆ, ಗಾಳಿ ಹೋದ ಚೆಂಡುಗಳ ಬಲೆ,
ಎದುರುಬದುರಲ್ಲ, ಓರೆಯಾಗಿ ಹಾಕಬೇಕಾದ
ಎರಡು ಪ್ಲಾಸ್ಟಿಕ್ ಕುರ್ಚಿ.
ಎಷ್ಟು ಓರೆ ಎಂದು ತಸ್ನೀಮ್ ಮೇಡಂನ ಕೇಳಿದ್ದೆ
ತರಬೇತಿಯ ಮೊದಲ ವಾರ.
“ಕಣ್ಣು ತಪ್ಪಿಸಲು ಅವರಿಗೊಂದು ಕಿಟಕಿ ಸಿಗುವಷ್ಟು.”
ಗೋದಾಮಿಗೆ ಕಿಟಕಿಯಿಲ್ಲ.
ಬಾಗಿಲು ಅರ್ಧ ತೆರೆದಿಟ್ಟೆ,
ಜವರೇಶ್ ಸರ್ ಶಿಳ್ಳೆ ಒಳಗೇ ಬಂದು ಕೂತಾಗ
ಎದ್ದು ಮುಚ್ಚಿದೆ.

ಅವಳ ಹೆಸರು ಇಲ್ಲಿ ಬರೆಯುವಂತಿಲ್ಲ.
ನನ್ನ ದಾಖಲೆ ಪುಸ್ತಕದಲ್ಲಿ ಅವಳು ‘ಎಂಟು’.
ಉದ್ದ ಜಿಗಿತ. ಹದಿನೆಂಟು ತುಂಬಲು ಇನ್ನೂ ಐದು ತಿಂಗಳು,
ಹಾಗಾಗಿ ಒಪ್ಪಿಗೆ ಪತ್ರದಲ್ಲಿ ಅಪ್ಪನ ರುಜು:
ಆಲೂಗಡ್ಡೆ ಮಂಡಿಯಲ್ಲಿ ತೂಕ ಬರೆಯುವ ಕೈ,
ಅಕ್ಷರವೂ ಅಂಕಿಯ ಹಾಗೇ ನೆಟ್ಟಗೆ.
ಮಾರ್ಚಿನಿಂದ ಹೋದ ಕೂಟದಲ್ಲೆಲ್ಲ ಮೂರಕ್ಕೆ ಮೂರೂ ಫೌಲ್.
ಹಲಗೆಯಂಚಿನ ಪ್ಲಾಸ್ಟಿಸಿನ್ ಪಟ್ಟಿಯಲ್ಲಿ
ಶೂ ತುದಿಯ ಗುಳಿ, ಪ್ರತಿ ಸಲ ಅಷ್ಟೇ ಆಳ.
“ತಲೇಲಿ ಏನೋ ಕೂತೈತೆ, ತೆಗೀರಿ ಮೇಡಂ,
ಸ್ಟೇಟ್ ಮೀಟಿಗೆ ಹತ್ತೊಂಬತ್ತೇ ದಿನ” ಅಂದರು ಜವರೇಶ್,
ಅಂಗಾಲಿನ ಮುಳ್ಳು ತೋರಿಸುವವರಂತೆ.

ಮುಳ್ಳು ತೆಗೆಯುವುದನ್ನು ನಮಗೆ ಯಾರೂ ಕಲಿಸಿಲ್ಲ.
ಕಳೆದ ತಿಂಗಳಿಡೀ ಖಾಲಿ ಕುರ್ಚಿಗೆ ಕೇಳಿದ್ದು ಒಂದೇ ಪ್ರಶ್ನೆ:
“ಬದುಕಿರೋದೇ ಬೇಡ ಅನ್ನಿಸಿದ್ದುಂಟಾ?”
ಮೊದಲ ದಿನ ಕೊನೆಯ ಪದಕ್ಕೆ ದನಿ ಕುಸಿಯಿತು.
ಎರಡನೆಯ ದಿನ ನಗು ಬಂತು.
“ಊಟ ಆಯ್ತಾ ಅಂದಷ್ಟು ನೇರ ಕೇಳು” ಅಂದರು ಮೇಡಂ,
“ಆದರೆ ಊಟ ಆಯ್ತಾ ಅಂದು ಮುಂದೆ ಹೋಗಿಬಿಡ್ತೀವಲ್ಲ,
ಹಾಗೆ ಹೋಗಬೇಡ.”

ಮೂರನೆಯ ಭೇಟಿಯನ್ನು ಮಾತು ಮಾತಿಗೆ ಬರೆದು ಒಯ್ದೆ.
ಅವರ ಕೆಂಪು ಪೆನ್ನು ಒಂದೇ ಕಡೆ ನಿಂತಿತು.
‘ಮೌನ, ಹನ್ನೊಂದು ಸೆಕೆಂಡು.’
ಮುರಿದವರು ಯಾರು?
ನಾನು.
ಯಾಕೆ?
ಕಷ್ಟ ಆಗ್ತಿತ್ತು, ಮೇಡಂ.
ಯಾರಿಗೆ?
ಕೆಳಗೆ ರಸ್ತೆಯಲ್ಲಿ ಕಂಡಕ್ಟರೊಬ್ಬ ಅರಸೀಕೆರೆ ಅರಸೀಕೆರೆ ಎಂದು ಕೂಗುತ್ತಿದ್ದ.
ಅದನ್ನೇ ಗಮನವಿಟ್ಟು ಕೇಳಿಸಿಕೊಂಡೆ.

ನಾಲ್ಕನೆಯ ಸಲ
ಬೆಳಗಿನ ಮಂಜು ಬಾಗಿಲ ಸಂದಿನಿಂದ ಒಳಗೆ ನುಸಿಯುತ್ತಿತ್ತು.
ನಿದ್ದೆ ಕೇಳಿದೆ. ಹಾಸ್ಟೆಲಿನ ಮುದ್ದೆ ಯಾಕೆ ಅರ್ಧಕ್ಕೇ ಬಿಡ್ತೀಯ ಕೇಳಿದೆ.
ಆಮೇಲೆ ಅದನ್ನೂ ಕೇಳಿದೆ, ದನಿ ಕುಸಿಯಲಿಲ್ಲ.
ಅವಳು ಹರ್ಡಲ್ಸ್ ಎಣಿಸುತ್ತಿದ್ದಳೋ ಏನೋ.
ಹನ್ನೊಂದು ದಾಟಿತು.
ನಾಲಗೆಯನ್ನು ಹಲ್ಲಿನ ಹಿಂದೆ ಒತ್ತಿ ಹಿಡಿದೆ.
ಹೊರಗೆ ಯಾರೋ ಗುಂಡಿಯ ಮರಳು ಕೆರೆದು ಸಮ ಮಾಡುತ್ತಿದ್ದರು,
ಮತ್ತೆ ಮತ್ತೆ, ಸಮ ಆಗಿದ್ದನ್ನೇ.

“ಇಲ್ಲ ಮೇಡಂ, ಅಷ್ಟೆಲ್ಲ ಇಲ್ಲ.”
ಮತ್ತೆ ಸ್ವಲ್ಪ ಹೊತ್ತು.
“ಕೆಂಪು ಬಾವುಟ ಎತ್ತಿದ್ರೆ ಟೇಪ್ ಹಿಡಿಯಲ್ಲ, ಅಲ್ವಾ?
ಯಾರೂ ನಂಬರ್ ಕೂಗಲ್ಲ.
ನಾನು ಜಿಗ್ದಿರ್ತೀನಿ,
ಎಷ್ಟು ಅಂತ ಯಾರಿಗೂ ಗೊತ್ತಿರಲ್ಲ.”
ನಕ್ಕಳು, ನನ್ನೆದುರು ಮೊದಲ ಸಲ.

ನನ್ನ ತೊಡೆಯ ಮೇಲೆ ತಯಾರಿ ಮಾಡಿ ತಂದ ಹಾಳೆ:
ಉಸಿರಿನ ಲೆಕ್ಕ, ಓಟದ ಗುರುತು ಅರ್ಧ ಅಡಿ ಹಿಂದಕ್ಕೆ,
ಕಣ್ಣು ಮುಚ್ಚಿ ಕಾಣಬೇಕಾದ ಬಿಳಿ ಬಾವುಟ.
ಮಡಚಿ ಕೆಳಗಿಟ್ಟೆ.
ಗೊತ್ತಿರಲ್ಲ, ಅಂದೆ.
ಅದಕ್ಕಿಂತ ಜಾಣತನದ ಮಾತು ಹೊಳೆಯಲಿಲ್ಲ.

ಜವರೇಶ್ ಬಾಗಿಲಲ್ಲೇ ಕಾದಿದ್ದರು. “ಏನಂದ್ಲು?”
ಅದು ಅವಳದು, ಸರ್.
“ಆರು ವರ್ಷದಿಂದ ಇವಳ ಕೋಚು ನಾನು.”
ಹೌದು ಸರ್.
ಕೈಯಲ್ಲಿದ್ದ ಟೇಪನ್ನು ಒಂದು ಮೊಳ ಎಳೆದರು, ಬಿಟ್ಟರು,
ಚಟ್ಟನೆ ಡಬ್ಬಿಯೊಳಗೆ ಸೇರಿಕೊಂಡಿತು.
ಕೋಪವೋ, ಹೆದರಿಕೆಯೋ.
ಅವರಿಗೂ ಒಂದು ಕುರ್ಚಿ ಓರೆಯಾಗಿ ಹಾಕಬೇಕಿತ್ತೇನೋ,
ಅದು ನನ್ನ ಪಠ್ಯದಲ್ಲಿಲ್ಲ.

ರಾತ್ರಿ ದಾಖಲೆ ಪುಸ್ತಕ ತೆರೆದೆ.
ನೇರ ಭೇಟಿ: ಐವತ್ತು ನಿಮಿಷ.
ಅಪಾಯದ ವಿಚಾರಣೆ: ಆಗಿದೆ, ಮತ್ತೆ ಕೇಳಬೇಕು.
ಪ್ರಗತಿ, ಸೊನ್ನೆಯಿಂದ ಹತ್ತರೊಳಗೆ:
ಇಲ್ಲಿ ಪೆನ್ನು ಹಲಗೆಯ ಮುಂದೆ ಹೆಜ್ಜೆ ತಪ್ಪಿದ ಹಾಗೆ ನಿಂತಿತು.
ನನಗೂ ಸರ್ಟಿಫಿಕೇಟಿಗೆ ಇನ್ನೂರ ಹನ್ನೆರಡು ಗಂಟೆ ಬಾಕಿ,
ಪ್ರತಿಯೊಂದಕ್ಕೂ ಮೇಡಂ ರುಜು ಬೇಕು.
ಖಾಲಿ ಬಿಟ್ಟೆ.

ನಾಳೆ ಕೇಳುತ್ತಾರೆ, ಗೊತ್ತು,
ಆ ಹೊತ್ತಲ್ಲಿ ಹಗುರಾದದ್ದು ಅವಳಾ, ನೀನಾ?
ಕೇಳಲಿ.
ಉತ್ತರ ಬರುವವರೆಗೆ ಈ ಸಲ
ಅವರೇ ಕೂತಿರಲಿ.